ಮೊದಲ ರೀಫ್ ಟ್ಯಾಂಕ್: ಯಾವುದಕ್ಕೆ ದುಡ್ಡು, ಯಾವುದಕ್ಕೆ ಬೇಡ

ರೀಫ್ ಟ್ಯಾಂಕ್, ಅಂದರೆ ಮೀನಿನ ಜೊತೆ ಹವಳ ಬೆಳೆಸುವ ಉಪ್ಪುನೀರಿನ ಟ್ಯಾಂಕ್ ಇಡಬೇಕು ಅಂದವರೆಲ್ಲ ಮೊದಲು ಕೇಳುವುದು ಲೈಟ್ ಬಗ್ಗೆ. ಯಾವ ಕಂಪನಿ, ಎಷ್ಟು ವ್ಯಾಟ್, ಮೊಬೈಲ್‌ನಲ್ಲಿ ಕಂಟ್ರೋಲ್ ಮಾಡಬಹುದಾ ಅಂತ. ಬೆಂಗಳೂರಿನ ನಮ್ಮ ಮನೆಯಲ್ಲಿ 60 ಲೀಟರಿನದೊಂದು, 200 ಲೀಟರಿನದೊಂದು ಟ್ಯಾಂಕ್ ಇವೆ. ಹೆಚ್ಚಿನ ಸಾಮಾನುಗಳಲ್ಲಿ ಎರಡು ಬಗೆಯನ್ನೂ ಹಾಕಿ ನೋಡಿದ್ದೇನೆ. ನನ್ನ ಲೆಕ್ಕದಲ್ಲಿ ನೀರು, ತಾಪ, ಅಲೆ ಈ ಮೂರಕ್ಕೆ ದುಡ್ಡು ಹಾಕಿ ಉಳಿದಿದ್ದರಲ್ಲಿ ಲೈಟ್ ಕೊಂಡರೆ ಸಾಕು.

ಇದಕ್ಕೆ ಒಂದು ಕಾರಣ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಗಟ್ಟಿ ಹವಳಗಳು, ಬೀಸಣಿಗೆ ಹವಳಗಳು ಎಲ್ಲ ಇವೆ. ನೇತ್ರಾಣಿ ದ್ವೀಪದ ಕಡೆಯಿಂದ ಜೀವಂತ ಕಲ್ಲು (ಬ್ಯಾಕ್ಟೀರಿಯಾ, ಪುಟ್ಟ ಜೀವಿಗಳು ತುಂಬಿರುವ ಹವಳದ ಕಲ್ಲು) ತಂದುಕೊಡ್ತೀನಿ ಅಂತ ಯಾರಾದರೂ ಅಂದರೆ ಕೈಮುಗಿದು ಬಂದುಬಿಡಿ. ಒಣ ಕಲ್ಲು ಸಿಗುತ್ತದೆ. ಅದರಲ್ಲಿ ಮೀನಿನ ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ಒಂದೆರಡು ತಿಂಗಳು ಜಾಸ್ತಿ ಬೇಕು, ಅಷ್ಟೆ. ಕಾನೂನು ಹೀಗಿರುವುದರಿಂದ ಮೊದಲ ಟ್ಯಾಂಕ್‌ನಲ್ಲಿ ಬೆಳೆಸಲು ಹೇಳಿ ಮಾಡಿಸಿದ್ದು ಜೋಆಂಥಿಡ್, ಮಶ್ರೂಮ್, ಲೆದರ್‌ನಂಥ ಮೆತ್ತನೆಯ ಜಾತಿಗಳು. ಇವಕ್ಕೆ ಸಾಮಾನ್ಯವಾಗಿ 50ರಿಂದ 150 ಪಾರ್ (ಹವಳಕ್ಕೆ ಉಪಯೋಗವಾಗುವ ಬೆಳಕಿನ ಅಳತೆ) ಬೆಳಕು ಸಾಕು. 250, 300 ಪಾರ್ ಕೇಳುವವು ಅಕ್ರೊಪೊರಾದಂಥ ಗಟ್ಟಿ ಹವಳಗಳು. ನೀವು ಇಡದ ಹವಳಕ್ಕೆ ಲೈಟ್ ಕೊಳ್ಳುವುದು ಯಾಕೆ?

ನಾನು ಟಿ5 ಟ್ಯೂಬ್, ಎರಡು ಚಾನೆಲ್‌ನ ಅಗ್ಗದ ಎಲ್‌ಇಡಿ, ಎಐ ಪ್ರೈಮ್ ಅನ್ನುವ ದುಬಾರಿ ಎಲ್‌ಇಡಿ ಮೂರನ್ನೂ ಉರಿಸಿದ್ದೇನೆ. ಟಿ5 ಬೆಳಕು ಎಲ್ಲ ಕಡೆ ಸಮ ಬೀಳುತ್ತದೆ, ಕಲ್ಲಿನ ಕೆಳಗೂ ನೆರಳು ಕಮ್ಮಿ. ಆದರೆ ಬಿಸಿ ಜಾಸ್ತಿ. ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಬೇಕು, ಆ ಟ್ಯೂಬ್ ಹುಡುಕುವುದೇ ಒಂದು ಕೆಲಸ. ಅಗ್ಗದ ಎಲ್‌ಇಡಿ ಕೆಳಗೆ ಜೋಆಂಥಿಡ್ ಚೆನ್ನಾಗಿಯೇ ಹಬ್ಬಿದವು. ಪ್ರೈಮ್‌ನಲ್ಲಿ ಬಣ್ಣ ಎದ್ದು ಕಾಣುತ್ತದೆ, ಬೆಳಿಗ್ಗೆ ನಿಧಾನವಾಗಿ ಏರಿ ಸಂಜೆ ಇಳಿಯುತ್ತದೆ, ಫ್ಯಾನ್ ಸದ್ದು ಇಲ್ಲವೆನ್ನುವಷ್ಟು ಕಮ್ಮಿ. ಅಷ್ಟಕ್ಕೆ ಆ ಬೆಲೆ ಕೊಡಬೇಕಾ ಅಂದರೆ ಮೊದಲ ವರ್ಷ ಬೇಡ ಅಂತೀನಿ. ನೀಲಿ ಮತ್ತು ಬಿಳಿ ಬೇರೆ ಬೇರೆ ಕಮ್ಮಿ-ಜಾಸ್ತಿ ಮಾಡಲು ಬಂದರೆ ಸಾಕು. ಹವಳದೊಳಗೇ ಇದ್ದು ಅದಕ್ಕೆ ಆಹಾರ ಮಾಡಿಕೊಡುವ ಪಾಚಿ ಬಹುಪಾಲು ಬಳಸುವುದು ನೀಲಿ ಬೆಳಕನ್ನೇ.

ಇನ್ನು ನೀರು. ಬೆಂಗಳೂರಿನಲ್ಲಿ ನಾಲ್ಕು ದಾರಿ ಇವೆ: ಕಾವೇರಿ ನೀರು ಬರುವ ನಲ್ಲಿ, ಬೋರ್‌ವೆಲ್, 20 ಲೀಟರ್ ಕ್ಯಾನ್, ಮನೆಯ ಆರ್‌ಓ. ಟ್ಯಾಂಕ್‌ಗೆ ಇವುಗಳಲ್ಲಿ ಯಾವುದೂ ಹಾಗೇ ನಡೆಯುವುದಿಲ್ಲ. ಬೋರ್ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) ನಮ್ಮ ಬೀದಿಯಲ್ಲಿ 600 ದಾಟುತ್ತದೆ. ಕ್ಯಾನ್ ನೀರು ಒಂದೊಂದು ಸಲ ಒಂದೊಂದು ಅಂಕಿ ತೋರಿಸುತ್ತದೆ. ಮನೆಯ ಆರ್‌ಓ ಇದೆಯಲ್ಲ ಅಂದುಕೊಂಡರೆ, ಕುಡಿಯುವ ರುಚಿಗಾಗಿ ಅದರಲ್ಲಿ ಟಿಡಿಎಸ್ ವಾಲ್ವ್ ಇರುತ್ತದೆ. ಅದು ಶುದ್ಧವಾದ ನೀರಿಗೆ ಮತ್ತೆ ಶುದ್ಧ ಮಾಡದ ಹಸಿ ನೀರು ಸ್ವಲ್ಪ ಬೆರೆಸುತ್ತದೆ. ಮನುಷ್ಯರಿಗೆ ಒಳ್ಳೆಯದೇ. ಟ್ಯಾಂಕ್‌ಗೆ ಮಾತ್ರ ಆ ಹಸಿ ನೀರಿನ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಎಲ್ಲವೂ ಪಾಚಿಗೆ ಗೊಬ್ಬರ.

ಹೊರದೇಶದ ಆರ್‌ಓಡಿಐ ಯೂನಿಟ್ (ಆರ್‌ಓ ಆದಮೇಲೆ ಉಳಿದ ಲವಣವನ್ನು ಡಿಐ ರೆಸಿನ್ ಹಿಡಿಯುವಂಥದ್ದು) ಮತ್ತು ಇಲ್ಲೇ ಜೋಡಿಸಿದ್ದು, ಎರಡರ ನೀರನ್ನೂ ಟಿಡಿಎಸ್ ಪೆನ್‌ನಲ್ಲಿ ಅಳೆದೆ. ಎರಡೂ ಸೊನ್ನೆ. ಇಲ್ಲಿಯದು ಅಂದರೆ ಸಾದಾ 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಆರ್‌ಓ ಮೆಷಿನ್. ಅದರ ಟಿಡಿಎಸ್ ವಾಲ್ವ್, ಮಿನರಲ್ ಕಾರ್ಟ್ರಿಜ್ ಎರಡನ್ನೂ ತೆಗೆಸಿ, ಕೊನೆಯಲ್ಲಿ ಡಿಐ ರೆಸಿನ್ ತುಂಬಿದ ಒಂದು ಹೌಸಿಂಗ್ ಸೇರಿಸಬೇಕು. ಆರ್‌ಓ ರಿಪೇರಿಯವರು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ, ಬೂಸ್ಟರ್ ಪಂಪ್ ಹೇಗೂ ಒಳಗೇ ಇರುತ್ತದೆ. 600 ಇದ್ದ ನೀರು ಮೆಂಬ್ರೇನ್ ದಾಟಿ 30ಕ್ಕೆ ಇಳಿಯುತ್ತದೆ, ಉಳಿದದ್ದನ್ನು ರೆಸಿನ್ ಹಿಡಿಯುತ್ತದೆ. ನಾನು ಇದಕ್ಕೇ ಓಟು ಹಾಕ್ತೀನಿ. ಒಂದು ಲೀಟರ್ ಒಳ್ಳೆಯ ನೀರಿಗೆ ಮೂರು ಲೀಟರ್ ವೇಸ್ಟ್ ಹೋಗುತ್ತದೆ, ಅದು ನೆಲ ಒರೆಸಲು ಬಕೆಟ್‌ಗೆ.

ಈ ನೀರಿಗೆ ಉಪ್ಪು ಬೆರೆಸಿದ ಮೇಲೆ ಉಪ್ಪಿನಂಶ ಅಳೆಯುವ ವಿಷಯದಲ್ಲಿ ಯೋಚನೆಯೇ ಬೇಡ. ಮುಳ್ಳು ತೇಲುವ ಪ್ಲಾಸ್ಟಿಕ್ ಹೈಡ್ರೋಮೀಟರ್‌ಗೆ ಒಂದೆರಡು ಗುಳ್ಳೆ ಅಂಟಿದರೂ ಅಂಕಿ ಮೇಲೆ ಹೋಗುತ್ತದೆ. ನೀರಿನಲ್ಲಿ ಬೆಳಕು ಬಾಗುವುದರಿಂದ ಉಪ್ಪು ಅಳೆಯುವ ರೆಫ್ರಾಕ್ಟೋಮೀಟರ್ ಕೊಳ್ಳಿ. ಬರೀ ಆರ್‌ಓ ನೀರಿನಿಂದ ಸೊನ್ನೆಗೆ ಹೊಂದಿಸಿ ಬಿಡಬೇಡಿ, 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು, ಸಮುದ್ರದ ನೀರಿನಷ್ಟು) ದ್ರಾವಣದಿಂದ ಹೊಂದಿಸಿ. ನಾವು ನೋಡಬೇಕಾದ ಜಾಗ ಅದೇ ಅಲ್ವಾ?

ಟ್ಯಾಂಕ್ ವಿಚಾರಕ್ಕೆ ಬಂದರೆ, 60 ಲೀಟರಿನದು ಆಲ್ ಇನ್ ಒನ್. ಹಿಂಭಾಗದಲ್ಲೇ ಫಿಲ್ಟರ್ ಖಾನೆಗಳು, ಹೊರಗೆ ಪೈಪ್ ಇಲ್ಲ, ಟೇಬಲ್ ಮೇಲೆ ಅಂದವಾಗಿ ಕೂರುತ್ತದೆ. 200 ಲೀಟರಿನದನ್ನು ಲೋಕಲ್ ಗಾಜಿನವರ ಹತ್ತಿರ ಮಾಡಿಸಿದ್ದು, ಕೆಳಗಿನ ಕ್ಯಾಬಿನೆಟ್‌ನಲ್ಲಿ ಸಂಪ್ (ಪೈಪಿನಿಂದ ಜೋಡಿಸಿದ ಇನ್ನೊಂದು ತೊಟ್ಟಿ) ಇದೆ. ನೋಡಲು ಚಿಕ್ಕದೇ ಚೆಂದ. ಸಾಕಲು ದೊಡ್ಡದೇ ಸುಲಭ. ಚಿಕ್ಕದರಿಂದ ದಿನಕ್ಕೆ ಒಂದೂವರೆ ಲೀಟರ್ ಆವಿಯಾಗುತ್ತದೆ ಅಂದುಕೊಳ್ಳಿ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಒಂದು ವಾರ ಊರಿಗೆ ಹೋಗಿಬಂದರೆ 35 ಇದ್ದ ಉಪ್ಪಿನಂಶ 42 ದಾಟಿರುತ್ತದೆ. ಸಂಪ್ ಇದ್ದರೆ ಹೀಟರ್, ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸಾಧನ) ಎಲ್ಲ ಕಣ್ಣಿಗೆ ಬೀಳದಂತೆ ಕೆಳಗಿರುತ್ತವೆ. ನೀರಿನ ಮಟ್ಟ ಏರಿಳಿಯುವುದೂ ಅಲ್ಲೇ.

ಎರಡಕ್ಕೂ ಆಟೋ ಟಾಪ್ ಆಫ್, ಅಂದರೆ ಆವಿಯಾದಷ್ಟು ನೀರನ್ನು ತಾನೇ ತುಂಬುವ ಸಾಧನ, ಬೇಕೇ ಬೇಕು. ಫ್ಲೋಟ್ ಸ್ವಿಚ್ ಅಗ್ಗ, ಆದರೆ ಉಪ್ಪು ಕಟ್ಟಿಯೋ ಬಸವನಹುಳು ಕೂತೋ ಸಿಕ್ಕಿಕೊಳ್ಳುತ್ತದೆ. ಆಪ್ಟಿಕಲ್ ಸೆನ್ಸರ್ ವಾಸಿ. ಯಾವುದಾದರೂ ಸರಿ, ನೀರನ್ನು ನೇರ ಆರ್‌ಓ ಪೈಪಿನಿಂದ ಕೊಡಬೇಡಿ, ಒಂದು ಕ್ಯಾನ್‌ನಿಂದ ಕೊಡಿ. ಸೆನ್ಸರ್ ಕೈಕೊಟ್ಟರೂ ಒಳಗೆ ಹೋಗುವುದು ಆ ಕ್ಯಾನ್‌ನಷ್ಟೇ ನೀರು.

ಸ್ಕಿಮ್ಮರ್ 60 ಲೀಟರಿಗೆ ಬೇಡ, ವಾರಕ್ಕೆ ಹತ್ತು ಪರ್ಸೆಂಟ್ ನೀರು ಬದಲಿಸಿದರೆ ನಡೆಯುತ್ತದೆ. 200ಕ್ಕೆ ಸಂಪ್‌ನೊಳಗೆ ಕೂರುವಂಥದ್ದೇ ಸರಿ. ಅಂಚಿಗೆ ನೇತುಹಾಕುವುದನ್ನೂ ನೋಡಿದೆ. ಟ್ಯಾಂಕ್‌ನ ನೀರು ಎರಡು ಬೆರಳು ಇಳಿದರೆ ಅದರ ನೊರೆಯೇ ನಿಂತುಹೋಗುತ್ತದೆ.

ತಾಪದ್ದು ಊರಿಂದ ಊರಿಗೆ ಬದಲಾಗುವ ಕಥೆ. ನೀರು 25, 26 ಡಿಗ್ರಿಯಲ್ಲಿರಬೇಕು. ಅಂಗಡಿಯವರು, ನೀರು ತಂಪು ಮಾಡುವ ಚಿಲ್ಲರ್ ಇಲ್ಲದೆ ಆಗಲ್ಲ ಸಾರ್ ಅಂದಿದ್ದರು. ಸ್ನೇಹಿತರ ಚಿಲ್ಲರನ್ನು ಒಂದು ಬೇಸಿಗೆಗೆ ತಂದು ಓಡಿಸಿದೆ, ಇನ್ನೊಂದು ಬೇಸಿಗೆ ಬರೀ ಫ್ಯಾನ್. ಚಿಲ್ಲರ್ ಅಂಕಿಯನ್ನು ಗೆರೆ ಎಳೆದ ಹಾಗೆ ಹಿಡಿದಿಡುತ್ತದೆ ನಿಜ. ಆದರೆ ನೀರಿನ ಬಿಸಿಯನ್ನೆಲ್ಲ ತಂದು ಹಾಲ್‌ಗೆ ಉಗುಳುತ್ತದೆ. ಸದ್ದು ಫ್ರಿಜ್‌ಗಿಂತ ಜಾಸ್ತಿ, ಕರೆಂಟ್ ಬಿಲ್ ಬೇರೆ. ಎರಡು ಕಂಪ್ಯೂಟರ್ ಫ್ಯಾನ್ ನೀರಿನ ಮೇಲೆ ಬೀಸುವಂತೆ ಇಟ್ಟಾಗ ಏಪ್ರಿಲ್ ಮಧ್ಯಾಹ್ನವೂ 27 ದಾಟಲಿಲ್ಲ. 200 ಲೀಟರ್ ಟ್ಯಾಂಕ್‌ನಿಂದ ಒಂದು ಲೀಟರ್ ಆವಿಯಾದರೆ ಹೆಚ್ಚುಕಮ್ಮಿ 3 ಡಿಗ್ರಿ ಇಳಿಸುವಷ್ಟು ಶಾಖ ಹೋಗುತ್ತದೆ. ಬೆಂಗಳೂರಿನ ಬೇಸಿಗೆ ಗಾಳಿ ಒಣ, ಅದಕ್ಕೇ ಇದು ನಡೆಯುತ್ತದೆ.

ಅದೇ ಫ್ಯಾನ್‌ಗಳನ್ನು ಮಂಗಳೂರಿನ ಅಕ್ಕನ ಮನೆಯಲ್ಲಿ ಹಾಕಿದೆವು. ಒಂದು ಡಿಗ್ರಿ ಇಳಿದಿದ್ದೇ ದೊಡ್ಡದು. ಅಲ್ಲಿನ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ, ಇನ್ನಷ್ಟು ಆವಿ ಎಲ್ಲಿಗೆ ಹೋಗಬೇಕು? ಕರಾವಳಿಯವರು ಚಿಲ್ಲರ್ ಬೆಲೆಯನ್ನು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಅವರಿಗೆ ಹೀಟರ್ ಖರ್ಚು ಉಳಿಯುತ್ತದೆ. ನಮಗೆ ಡಿಸೆಂಬರ್ ರಾತ್ರಿಗೆ ಅದು ಬೇಕು. ಹೀಟರ್‌ನಲ್ಲಿ ಕಂಪನಿಗಿಂತ ಕಂಟ್ರೋಲರ್ ಮುಖ್ಯ. ನನ್ನ ಒಂದು ಹೀಟರ್‌ನ ಥರ್ಮೋಸ್ಟಾಟ್ ಆನ್ ಆದಲ್ಲೇ ಅಂಟಿಕೊಂಡಿತು. ಹೊರಗಿನ ಎಸ್‌ಟಿಸಿ-1000 ಕಂಟ್ರೋಲರ್ ಕರೆಂಟ್ ಕತ್ತರಿಸಿದ್ದರಿಂದ ಮೀನು ಉಳಿದವು. ಈ ಪುಟ್ಟ ಡಬ್ಬಿಯಲ್ಲಿ ಬಿಸಿಗೊಂದು, ತಂಪಿಗೊಂದು ರಿಲೇ (ತಾನೇ ಆನ್-ಆಫ್ ಆಗುವ ಸ್ವಿಚ್) ಇವೆ. ಹೀಟರ್, ಫ್ಯಾನ್ ಎರಡನ್ನೂ ಒಂದಕ್ಕೇ ಕೊಡಬಹುದು. ತಾಪ ಅಳೆಯಲು ನೀರಿಗೆ ಇಳಿಬಿಡುವ ಪ್ರೋಬ್ ಲೋಹದ್ದು ಬೇಡ, ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ.

ಅಲೆ ಎಬ್ಬಿಸುವ ಪಂಪ್‌ಗಳಲ್ಲಿ ನೇರ ಮನೆಯ ಕರೆಂಟ್‌ನಲ್ಲಿ ಓಡುವ ಎಸಿ ವೇವ್‌ಮೇಕರ್ ಮತ್ತು ಅಡಾಪ್ಟರ್ ಮೇಲೆ ಓಡುವ ಡಿಸಿ ವೇವ್‌ಮೇಕರ್ ಎರಡೂ ಸಿಗುತ್ತವೆ. ಮೆತ್ತನೆ ಹವಳಗಳಿಗೆ ಗಂಟೆಗೆ ಟ್ಯಾಂಕ್‌ನ ಇಪ್ಪತ್ತು ಪಟ್ಟು ನೀರು ಓಡಬೇಕು, ಅಂದರೆ 200 ಲೀಟರಿಗೆ 4000 ಲೀಟರ್. ಎಸಿಯದು ಅಗ್ಗ. ಹಾಕಿದರೆ ಪೂರ್ತಿ ವೇಗ, ಇಲ್ಲದಿದ್ದರೆ ಆಫ್. ಒಂದೇ ಕಡೆ ಹೊಡೆದು ಹೊಡೆದು ಮರಳು ಕೆದರುತ್ತದೆ, ಎದುರಿಗಿರುವ ಹವಳ ಮುದುಡಿಕೊಳ್ಳುತ್ತದೆ. ಡಿಸಿಯಲ್ಲಿ ವೇಗ ಏರಿಸಿ ಇಳಿಸಬಹುದು, ಮೀನಿಗೆ ಊಟ ಹಾಕುವಾಗ ಹತ್ತು ನಿಮಿಷ ನಿಲ್ಲಿಸಲು ಒಂದು ಬಟನ್. ನಾನು ಜೆಬಾವೋ ಕಂಪನಿಯ ಡಿಸಿಗೆ ಬದಲಾಯಿಸಿ ಹಿಂದಕ್ಕೆ ನೋಡಿಲ್ಲ.

ಆದರೆ ನಮ್ಮ ದೇಶದಲ್ಲಿ ಡಿಸಿಯ ನಿಜವಾದ ಲಾಭ ಗೊತ್ತಾಗುವುದು ಕರೆಂಟ್ ಹೋದಾಗ. 26 ಡಿಗ್ರಿಯ ಸಮುದ್ರದ ನೀರು ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಮಾತ್ರ ಹಿಡಿದುಕೊಳ್ಳುತ್ತದೆ. ಸಿಹಿನೀರಿನಲ್ಲಿ ಅದು 8ರ ಮೇಲಿರುತ್ತದೆ. ಅಲೆ ನಿಂತ ಕೆಲವು ಗಂಟೆಗಳಲ್ಲೇ ಮೀನು ಮೇಲೆ ಬಂದು ಬಾಯಿ ಬಡಿಯಲು ಶುರುಮಾಡುತ್ತವೆ. ಮನೆಯಲ್ಲಿ ಇನ್ವರ್ಟರ್ ಇದೆ ಅಂತ ಸಮಾಧಾನಪಡಬೇಡಿ, ಅದು ಸ್ಕ್ವೇರ್ ವೇವ್‌ನದಾ ಸೈನ್ ವೇವ್‌ನದಾ ನೋಡಿ. ಸ್ಕ್ವೇರ್ ವೇವ್ ಮೇಲೆ ಎಸಿ ಪಂಪ್ ಗುಂಯ್ ಅಂತ ಸದ್ದು ಮಾಡಿ ಬಿಸಿಯಾಗುತ್ತದೆ. ಡಿಸಿ ಪಂಪ್‌ನ ಅಡಾಪ್ಟರ್ ಅದೇ ಇನ್ವರ್ಟರ್ ಮೇಲೆ ಸದ್ದಿಲ್ಲದೆ ಓಡಿತು. ನನ್ನ ಇನ್ವರ್ಟರ್ ಲೈನಿಗೆ ಒಂದು ವೇವ್‌ಮೇಕರ್ ಮಾತ್ರ ಕೊಟ್ಟಿದ್ದೇನೆ. ಲೈಟ್, ಸ್ಕಿಮ್ಮರ್, ಹೀಟರ್ ಯಾವುದೂ ಅದರ ಮೇಲಿಲ್ಲ. ಟ್ಯಾಂಕ್‌ನ ಪ್ಲಗ್‌ಗಳಿರುವ ಲೈನಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕತ್ತರಿಸುವ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್ ಬಂದಾಗಲೇ ಕೇಳಿಬಿಡಿ. ವೈರ್‌ಗಳೂ ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಆಮೇಲೆ ಮೇಲೆ ಹೋಗುವಂತಿರಲಿ. ಆಗ ವೈರ್ ಗುಂಟ ಇಳಿದ ಉಪ್ಪುನೀರು ನೆಲಕ್ಕೆ ತೊಟ್ಟಿಕ್ಕುತ್ತದೆ, ಸಾಕೆಟ್‌ಗೆ ಹೋಗುವುದಿಲ್ಲ.