ಹೊಲ ಲೇಔಟ್ ಆಗುವುದನ್ನು ಕಣ್ಣಾರೆ ನೋಡಬೇಕೇ? ಗೂಗಲ್ ಅರ್ಥ್ ಟೈಮ್‌ಲ್ಯಾಪ್ಸ್ ತೆರೆಯಿರಿ

ಫಲವತ್ತಾದ ಭೂಮಿ ಉಳಿಸಬೇಕು ಅನ್ನುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ. ಸುಮ್ನೆ ಒಂದು ಸಲ ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್ ತೆರೆದು ನೋಡಿ. ದುಡ್ಡು ಕೊಡಬೇಕಿಲ್ಲ. ಬ್ರೌಸರ್‌ನಲ್ಲೇ ನಡೆಯುತ್ತದೆ. 1984ರಿಂದ ಉಪಗ್ರಹಗಳು ತೆಗೆದ ಚಿತ್ರಗಳನ್ನು ವರ್ಷಕ್ಕೊಂದರಂತೆ ಜೋಡಿಸಿ ಇಡೀ ಭೂಮಿಯ ವಿಡಿಯೊ ಮಾಡಿಟ್ಟಿದ್ದಾರೆ. ಬೇಕಾದ ಜಾಗವನ್ನು ಹತ್ತಿರಕ್ಕೆ ತಂದು ಪ್ಲೇ ಒತ್ತಿದರೆ ಸಾಕು. ಜನ ಇದರಲ್ಲಿ ಕರಗುವ ಹಿಮನದಿ, ಕಡಿದ ಕಾಡು ನೋಡುತ್ತಾರೆ. ನಾನು ನೋಡುವುದು ಊರಿನ ಅಂಚನ್ನು.

ಮೊದಲು ನೈಲ್ ನದಿಯ ಮುಖಜ ಭೂಮಿಗೆ ಹೋಗಿ. ಮರುಭೂಮಿಯ ನಡುವೆ ಹಸಿರು ತ್ರಿಕೋನವೊಂದು ಕಾಣುತ್ತದೆ. ಈಜಿಪ್ಟ್‌ನಲ್ಲಿ ಸಾಗುವಳಿ ಆಗುವುದು ಒಟ್ಟು ನೆಲದಲ್ಲಿ ಶೇ 4ರ ಆಸುಪಾಸು ಮಾತ್ರ, ಅದರ ದೊಡ್ಡ ಪಾಲು ಇಲ್ಲೇ ಇದೆ. ಹತ್ತಿರದಿಂದ ನೋಡಿದರೆ ಊರುಗಳೆಲ್ಲ ಬೂದು ಚುಕ್ಕಿಗಳು. ವರ್ಷಗಳು ಓಡಿದಂತೆ ಚುಕ್ಕಿ ದಪ್ಪಗಾಗುತ್ತದೆ, ಆಮೇಲೆ ಒಂದು ಊರಿಂದ ಇನ್ನೊಂದಕ್ಕೆ ಹೋಗುವ ರಸ್ತೆಯ ಎರಡೂ ಬದಿಗೆ ಬೂದು ಬಣ್ಣ ಹಬ್ಬುತ್ತದೆ, ಕೊನೆಗೆ ನಡುವಿನ ಹಸಿರು ತುಂಡು ತುಂಡಾಗಿ ಉಳಿಯುತ್ತದೆ. ಹಾಗೆ ತುಂಡಾದ ಹೊಲಕ್ಕೆ ಕಾಲುವೆ ನೀರು ತರುವುದೂ ಕಷ್ಟ, ಟ್ರ್ಯಾಕ್ಟರ್ ಇಳಿಸುವುದೂ ಕಷ್ಟ. ಅಂದರೆ ಮನೆ ಎದ್ದ ಜಾಗ ಒಂದೇ ಅಲ್ಲ, ಪಕ್ಕದ್ದೂ ಹೋದ ಲೆಕ್ಕವೇ. ಹೊಲದಲ್ಲಿ ಮನೆ ಕಟ್ಟಬಾರದು ಎಂಬ ಕಾನೂನು ಅಲ್ಲಿ 1980ರ ದಶಕದಿಂದಲೂ ಇದೆ. ಆದರೂ ವಿಡಿಯೊದಲ್ಲಿ ಹಸಿರು ಕರಗುತ್ತಲೇ ಇದೆ. ನನಗಂತೂ ಹೊಟ್ಟೆ ಉರಿಯಿತು.

ಇದು ಒಂದು ದೇಶದ ಕಥೆಯಲ್ಲ. 2017ರಲ್ಲಿ ಬಂದ ಒಂದು ಅಧ್ಯಯನದ ಅಂದಾಜಿನಂತೆ, ಜಗತ್ತಿನ ಸಾಗುವಳಿ ಭೂಮಿಯಲ್ಲಿ ಶೇ 1.8ರಿಂದ 2.4ರಷ್ಟನ್ನು 2030ರೊಳಗೆ ನಗರಗಳು ನುಂಗುತ್ತವೆ. ಕೇಳೋಕೆ ಕಮ್ಮಿ ಅನ್ನಿಸುತ್ತೆ, ಅಲ್ವಾ? ಆದರೆ ಹಾಗೆ ಹೋಗುವ ನೆಲದ ಇಳುವರಿ ಜಗತ್ತಿನ ಸರಾಸರಿಯ 1.77 ಪಟ್ಟು. ಕಾರಣ ಸರಳ. ಹಿಂದಿನವರು ನೀರು, ಒಳ್ಳೆ ಮಣ್ಣು ಇದ್ದಲ್ಲೇ ಊರು ಕಟ್ಟಿದರು, ಹಾಗಾಗಿ ಊರು ಬೆಳೆದಾಗ ಮೊದಲು ಹೋಗುವುದೂ ಅದೇ ಮಣ್ಣು. ಎರಡು ಮೂರು ಸೆಂಟಿಮೀಟರ್ ಮಣ್ಣು ಹುಟ್ಟಲು ಸಾವಿರ ವರ್ಷದವರೆಗೂ ಬೇಕಾಗಬಹುದು. ಕಾಂಕ್ರೀಟ್ ಒಡೆದು ಮತ್ತೆ ಉಳುತ್ತೇವೆ ಅನ್ನುವ ಮಾತೇ ಇಲ್ಲ.

ಆಮೇಲೆ ಅಮೆರಿಕದ ಪೋರ್ಟ್‌ಲ್ಯಾಂಡ್ ನೋಡಿ. ಒರೆಗಾನ್ ರಾಜ್ಯ 1973ರಲ್ಲಿ ಕಾಯ್ದೆ ತಂದು, ಪ್ರತಿ ನಗರವೂ ತನ್ನ ಸುತ್ತ ಬೆಳವಣಿಗೆಯ ಗಡಿ ಎಳೆದುಕೊಳ್ಳಬೇಕು ಅಂದಿತು. ನಗರದ ಪಶ್ಚಿಮದ ಅಂಚಿಗೆ ಹೋದರೆ ಒಂದು ಕಡೆ ಒತ್ತೊತ್ತಾಗಿ ಮನೆಗಳು, ರಸ್ತೆ ದಾಟಿದರೆ ಹೊಲ. ಆ ಗಡಿಯನ್ನೂ ಹಲವು ಸಲ ಹೊರಕ್ಕೆ ಸರಿಸಿದ್ದಾರೆ ನಿಜ. ಆದರೆ ಗಡಿ ಇದ್ದರೆ ಊರು ಮೊದಲು ಒಳಗಿನ ಖಾಲಿ ಜಾಗ ತುಂಬಿಕೊಳ್ಳುತ್ತದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ನೈಲ್ ನೋಡಿದ ತಕ್ಷಣ ಇದನ್ನು ನೋಡಿದರೆ ವ್ಯತ್ಯಾಸ ಯಾರೂ ವಿವರಿಸಬೇಕಿಲ್ಲ.

ಈಗ ಕೊರತೆ ಹೇಳುತ್ತೇನೆ. ಹಳೆಯ ಚಿತ್ರಗಳು ಬಹುಪಾಲು ಲ್ಯಾಂಡ್‌ಸ್ಯಾಟ್ ಉಪಗ್ರಹದ್ದು. ಅದರಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ, ಸುಮಾರು 9 ಗುಂಟೆ. ಹಾಗಾಗಿ ಬದು, ಬಾವಿ, ಒಂಟಿ ಮನೆ ಹುಡುಕಬೇಡಿ, ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಮಾರಾಟವಾಗಿ ಬೀಳು ಬಿದ್ದ ಹೊಲಕ್ಕೂ ಕೊಯ್ಲಾದ ಹೊಲಕ್ಕೂ ಬಣ್ಣ ಹೆಚ್ಚು ಕಮ್ಮಿ ಒಂದೇ. ಸೈಟು ಮಾಡುವ ಮೊದಲು ಮೇಲ್ಮಣ್ಣು ಕೆರೆದು ಸಾಗಿಸಿದ್ದೂ ಗೊತ್ತಾಗುವುದಿಲ್ಲ. ಭೂಮಿ ಕೈತಪ್ಪುವುದು ಆ ಹಂತದಲ್ಲೇ, ಕಾಂಕ್ರೀಟ್ ಬರುವುದು ಆಮೇಲೆ. ವಿಡಿಯೊ ತೋರಿಸುವುದು ಆ ಕೊನೆಯ ಭಾಗವನ್ನು ಮಾತ್ರ.

ಮಣ್ಣಿನ ಗುಣವನ್ನೂ ಇದು ಹೇಳುವುದಿಲ್ಲ. ಅದಕ್ಕೆ ಜೊತೆಯಲ್ಲಿ ಸಾಯಿಲ್‌ಗ್ರಿಡ್ಸ್ ತೆರೆದುಕೊಳ್ಳಿ, ಅದೂ ಉಚಿತ. ನೆದರ್ಲೆಂಡ್ಸ್‌ನ ಇಸ್ರಿಕ್ ಸಂಸ್ಥೆ ಮಾಡಿದ ಜಗತ್ತಿನ ಮಣ್ಣಿನ ನಕ್ಷೆ ಇದು. ಜೇಡಿ, ಮರಳು, ಪಿಎಚ್ (ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ), ಸಾವಯವ ಇಂಗಾಲ ಎಲ್ಲವನ್ನೂ 2 ಮೀಟರ್ ಆಳದವರೆಗೆ ಪದರ ಪದರವಾಗಿ ಕೊಡುತ್ತದೆ. ಆದರೆ ಒಂದು ಚೌಕ 250 ಮೀಟರ್, ಅಂದರೆ 15 ಎಕರೆ ದಾಟುತ್ತದೆ, ಅದೂ ಲೆಕ್ಕ ಹಾಕಿ ಬಂದ ಅಂದಾಜು. ನಿಮ್ಮ ಹೊಲದ ಮಣ್ಣು ಪರೀಕ್ಷೆಗೆ ಇದು ಬದಲಿಯಲ್ಲ. ಯಾವ ದಿಕ್ಕಿನ ನೆಲ ಒಳ್ಳೆಯದು, ಊರು ಯಾವ ದಿಕ್ಕಿಗೆ ಬೆಳೆದರೆ ನಷ್ಟ ಕಮ್ಮಿ ಅನ್ನುವ ಮಾತು ಶುರು ಮಾಡಲು ಮಾತ್ರ ಧಾರಾಳವಾಗಿ ಸಾಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಾನೂನು ಕಾಪಾಡಿದ ಹೊಲಗಳ ಗಡಿಯನ್ನು ಇದರ ಮೇಲೇ ತೋರಿಸಿದರೆ ಐದೂ ಕೊಡುತ್ತೇನೆ.

ಫೋನಿನಲ್ಲಿ ನೋಡಬೇಡಿ, ದೊಡ್ಡ ಪರದೆಯಲ್ಲೇ ನೋಡಿ. ನಿಮ್ಮ ಕಡೆ ನಗರ ಯೋಜನೆಗೆ ಆಕ್ಷೇಪಣೆ ಕರೆದಿದ್ದರೆ, ಒಂದೇ ಜಾಗದ ಹಳೆಯ ಮತ್ತು ಹೊಸ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಪಕ್ಕ ಪಕ್ಕ ಪ್ರಿಂಟ್ ಮಾಡಿ, ವರ್ಷ ಬರೆದು ಅರ್ಜಿಗೆ ಲಗತ್ತಿಸಿ. ಕೊನೆಯ ದಿನಾಂಕಕ್ಕೆ ಮೊದಲೇ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.