ತೆರೆದ ಡಕ್ಟ್‌ಗೆ ಕೇಬಲ್ಲೋ, ಥ್ರೆಡ್ ರಾಡೋ?

ಸೀಲಿಂಗ್ ಮುಚ್ಚದ ಕೆಫೆ, ಆಫೀಸುಗಳಲ್ಲಿ ದುಂಡನೆಯ ಸ್ಪೈರಲ್ ಡಕ್ಟ್ (ಸುರುಳಿ ಸುತ್ತಿದ ತಗಡಿನ, ಗಾಳಿ ಸಾಗಿಸುವ ಕೊಳವೆ) ತೂಗುಹಾಕಲು ನಮ್ಮ ಆಯ್ಕೆ ಸ್ಟೀಲ್ ಕೇಬಲ್. ತೆಳ್ಳಗಿರುವುದರಿಂದ ಕಣ್ಣಿಗೆ ಬೀಳದು. ಕೇಬಲ್ ಕಚ್ಚಿ ಹಿಡಿಯುವ ಲಾಕ್‌ನೊಳಗೆ ಎಳೆದರೆ ಮಟ್ಟ ಸರಿಹೋಗುತ್ತದೆ. ಥ್ರೆಡ್ ರಾಡ್ (ತಿರುಪು ಕೊರೆದ ಲೋಹದ ಕಂಬಿ) ಆದರೆ ಕತ್ತರಿಸಬೇಕು, ನಟ್ ತಿರುಗಿಸಬೇಕು.

ಆದರೆ ಕೇಬಲ್ ಕೆಳಕ್ಕೆ ಬೀಳುವ ಭಾರವನ್ನಷ್ಟೇ ತಡೆಯುತ್ತದೆ, ಓಲಾಟವನ್ನಲ್ಲ. ಉದ್ದದ ಸಾಲಿಗೆ ಅಲ್ಲಲ್ಲಿ ಓರೆ ಕೇಬಲ್ ಕಟ್ಟಿ. ಭಾರದ ಡ್ಯಾಂಪರ್ (ಗಾಳಿಯ ಹರಿವು ತಡೆಯುವ ಬಾಗಿಲು), ಫ್ಯಾನ್‌ಗಳಿಗೆ ರಾಡೇ ಸರಿ. ಕೇಬಲನ್ನು ವಿ ಆಕಾರದಲ್ಲಿ ಕಟ್ಟುವಾಗ ಎಚ್ಚರ: ನೇರ ಕೆಳಗಿಳಿಯುವ ಗೆರೆಯಿಂದ 60 ಡಿಗ್ರಿ ವಾಲಿದರೆ ಪ್ರತಿ ಎಳೆ ಹೊರಬಲ್ಲ ಭಾರ ಅರ್ಧಕ್ಕಿಳಿಯುತ್ತದೆ.

ಹೆಚ್ಚು ಕೆಡುವುದು ಪೇಂಟ್ ಹೊಡೆಯುವಾಗ. ಬಣ್ಣವೋ ಎಣ್ಣೆಯೋ ತಾಗಿದ ಕೇಬಲ್ಲನ್ನು ಲಾಕ್ ಬಿಗಿಯಾಗಿ ಕಚ್ಚುವುದಿಲ್ಲ, ಜಾರುತ್ತದೆ. ಮಟ್ಟ ಹೊಂದಿಸಿ ಮುಗಿಸಿದ ಮೇಲೆಯೇ ಬಣ್ಣ. ಆಮೇಲೆ ಲಾಕ್ ಸರಿಸಬೇಡಿ. ಇನ್ಸುಲೇಶನ್ ಇರುವ ಡಕ್ಟ್‌ಗೆ ಕೇಬಲ್ ನೇರ ಸುತ್ತಿದರೆ ಆ ಹೊದಿಕೆಯನ್ನು ಕೊರೆದುಬಿಡುತ್ತದೆ, ಕೇಬಲ್ಲಿಗೂ ಹೊದಿಕೆಗೂ ನಡುವೆ ಅಗಲದ ತಗಡಿನ ಪಟ್ಟಿ ಕೊಡಿ.