ಮತ್ತಿಯೋಲಿ, ಚೆಸಲ್ಪೀನೊ: ಮೊದಲು ಯಾರನ್ನು ಓದಬೇಕು?

16ನೇ ಶತಮಾನದ ಇಟಲಿಯ ಸಸ್ಯವಿಜ್ಞಾನ ಓದಲು ಹೊರಟವರ ಮುಂದೆ ಈ ಇಬ್ಬರು ವೈದ್ಯರು ನಿಲ್ಲುತ್ತಾರೆ.

ಗಿಡದ ರೂಪ, ಔಷಧ ಬಳಕೆ ಎರಡೂ ಬೇಕಿದ್ದರೆ ಸಿಯೆನಾದ ಪಿಯೆತ್ರೊ ಆಂದ್ರೆಯಾ ಮತ್ತಿಯೋಲಿ. ಗ್ರೀಕ್ ವೈದ್ಯ ಡಯಾಸ್ಕೊರಿಡೀಸನ ಗ್ರಂಥಕ್ಕೆ ಆತ ಬರೆದ ವ್ಯಾಖ್ಯಾನದ 1544ರ ಇಟಾಲಿಯನ್ ಮುದ್ರಣದಲ್ಲಿ ಗಿಡಗಳ ಚಿತ್ರಗಳಿಲ್ಲ. 1554ರ ಲ್ಯಾಟಿನ್ ಆವೃತ್ತಿಯನ್ನೋ, ದೊಡ್ಡ ಮರದಚ್ಚಿನ ಚಿತ್ರಗಳಿರುವ 1565ರ ವೆನಿಸ್ ಮುದ್ರಣವನ್ನೋ ಹಿಡಿಯಿರಿ. ಟೊಮೆಟೊ ಬಗ್ಗೆ ಯುರೋಪಿನ ಮೊದಮೊದಲ ವರ್ಣನೆಯೂ ಇಲ್ಲೇ ಇದೆ. ಆದರೆ ಪ್ರಾಚೀನ ಹೆಸರುಗಳನ್ನು ತನ್ನ ಕಾಲದ ಗಿಡಗಳಿಗೆ ಹೊಂದಿಸಹೋಗಿ ಆತ ಹಲವೆಡೆ ತಪ್ಪಿದ್ದಾನೆ. ಹೆಸರನ್ನೇ ನಂಬಬೇಡಿ.

ವರ್ಗೀಕರಣ ಹುಟ್ಟಿದ ಬಗೆ ಬೇಕಿದ್ದರೆ ಅರೆಝೊದ ಆಂದ್ರೆಯಾ ಚೆಸಲ್ಪೀನೊ. ಪೀಸಾದ ಸಸ್ಯೋದ್ಯಾನ ನೋಡಿಕೊಂಡವನು, ಮುಂದೆ ಪೋಪ್ 8ನೇ ಕ್ಲೆಮೆಂಟನ ವೈದ್ಯ. 1583ರಲ್ಲಿ ಫ್ಲಾರೆನ್ಸಿನಲ್ಲಿ ಅಚ್ಚಾದ ಅವನ 16 ಭಾಗಗಳ ಗ್ರಂಥದಲ್ಲಿ ಸುಮಾರು 1,500 ಸಸ್ಯಗಳಿವೆ, ಚಿತ್ರ ಒಂದೂ ಇಲ್ಲ. ಔಷಧಗುಣ, ಅಕ್ಷರಕ್ರಮ ಬಿಟ್ಟು ಹಣ್ಣು-ಬೀಜಗಳ ರಚನೆಯಿಂದ ಗಿಡಗಳನ್ನು ಗುಂಪು ಮಾಡಿದ್ದೇ ಅವನ ದೊಡ್ಡ ಹೆಜ್ಜೆ. ಕೊತ್ತಂಬರಿಯ ಬಳಗಕ್ಕೆ ಎರಡು ಬೀಜ, ಪುದೀನ ಬಳಗಕ್ಕೆ ನಾಲ್ಕು; ಇವನ್ನು ಬಿಡಿಸಿಟ್ಟುಕೊಂಡೇ ಓದಿ, ತರ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ. ಸಿದ್ಧಾಂತವೆಲ್ಲ ಮೊದಲ ಭಾಗದಲ್ಲಿದೆ. ಅದನ್ನು ಹಾರಿಸಿದರೆ ಉಳಿದದ್ದು ಬರಿ ಪಟ್ಟಿಯಾಗಿ ಕಾಣುತ್ತದೆ. ಅರಿಸ್ಟಾಟಲನ ಪ್ರಭಾವದಲ್ಲಿ ಬೇರು-ಕಾಂಡ ಸೇರುವೆಡೆ ಗಿಡದ ಜೀವವಿದೆ ಎಂದದ್ದು ಮಾತ್ರ ನಿಲ್ಲಲಿಲ್ಲ.

ವೈದ್ಯಕೀಯ ಇತಿಹಾಸದವರು ಮತ್ತಿಯೋಲಿಯಿಂದ ಶುರು ಮಾಡಲಿ. ಸಸ್ಯವಿಜ್ಞಾನದ ವಿದ್ಯಾರ್ಥಿಗೆ ನಾನು ಚೆಸಲ್ಪೀನೊನನ್ನೇ ಹೇಳುತ್ತೇನೆ: 1563ರಲ್ಲಿ ಅವನೇ ಒಣಗಿಸಿ ಅಂಟಿಸಿದ 768 ಗಿಡಗಳ ಸಂಗ್ರಹ ಫ್ಲಾರೆನ್ಸಿನಲ್ಲಿ ಇಂದಿಗೂ ಉಳಿದಿದೆ, ಗ್ರಂಥದಲ್ಲಿನ ಚಿತ್ರದ ಕೊರತೆಯನ್ನು ಅದು ತುಂಬುತ್ತದೆ.